ತಿರುಮಲಯ್ಯನವರು ಊರಿಗೆ ಕಾಣಿಸದ ದಿನ

ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಊರು ಎದ್ದಿತು. ನನ್ನ ಸೋದರಮಾವ ತಿರುಮಲಯ್ಯನವರು ಅದಕ್ಕೆ ಕಾಣಿಸಲಿಲ್ಲ.

ನಮಗೆಲ್ಲ ಕಾಣಿಸುತ್ತಿದ್ದರು. ಬಚ್ಚಲಿನ ನಲ್ಲಿಯ ಮುಂದೆ ಬ್ರಷ್ ಹಿಡಿದು, ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತಿದ್ದರು. ನೀರು ಬರುತ್ತಿರಲಿಲ್ಲ. ಅತ್ತೆ ಸಾಕಮ್ಮ ಹೋಗಿ ನಿಂತಾಗ ಬಂತು. ಮಾವ ಕೈಯೊಡ್ಡಿದ ಕೂಡಲೇ ನಿಂತಿತು. ಬೀದಿ ಬಾಗಿಲೂ ಅವರಿಗೆ ತೆರೆಯಲಿಲ್ಲ. ನಾನು ಮುಂದೆ ನಿಂತೆ, ತೆರೆಯಿತು. ಅವರು ನನ್ನ ಬೆನ್ನಿಗೆ ಅಂಟಿಕೊಂಡು ಜಗಲಿಗೆ ಬಂದು, ಕಂಬಕ್ಕೊರಗಿ ಕೂತರು. ಉಗುಳಲು ಮನಸ್ಸಾಗದೆ ನೊರೆಯನ್ನು ಬಾಯಲ್ಲೇ ಇಟ್ಟುಕೊಂಡಿದ್ದರು.

ನಮ್ಮ ಊರನ್ನು ನಡೆಸುವುದು ಸುಂಕದಕಟ್ಟೆಯ ಹಳೆಯ ಕಟ್ಟಡದಲ್ಲಿರುವ ಕಂಪ್ಯೂಟರ್. ಕಪ್ಪು ಪರದೆ, ಬಿಳಿ ಅಕ್ಷರ. ದಿನಾ ಬೆಳಗ್ಗೆ ಅದು ಏಳುತ್ತಲೇ ಊರಿನಲ್ಲಿ ಏನೇನಿದೆ ಎಂದು ಹುಡುಕಿಕೊಳ್ಳುತ್ತದೆ: ನಲ್ಲಿ, ದೀಪ, ಹಿಟ್ಟಿನ ಗಿರಣಿ, ಹಸು, ಮನುಷ್ಯರು. ಸಿಕ್ಕಿದ್ದು ಆ ದಿನಕ್ಕೆ ಇದೆ, ಸಿಗದ್ದು ಇಲ್ಲ. ಅದರೊಳಗಿನ ತಂತ್ರಾಂಶವನ್ನು ಯಾವ ಕಂಪನಿಯೂ ಮಾರಿದ್ದಲ್ಲ. ಊರಿನವರೇ ಬರೆದದ್ದು. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು. ಹೀಗಾಗಿ ಏನಾದರೂ ಕೆಟ್ಟರೆ ದೂರು ಕೊಡಲು ಯಾರೂ ಇರುವುದಿಲ್ಲ. ಸಲಹೆ ಕೊಡಲು ಎಲ್ಲರೂ ಇರುತ್ತಾರೆ.

ಕಾಣಿಸದವರಿಗೆ ಸಂಜೆಯವರೆಗೆ ಸಮಯ. ಬೀದಿದೀಪ ಹೊತ್ತುವ ಹೊತ್ತಿಗೂ ಊರು ಗುರುತಿಸದಿದ್ದರೆ, ಅವರ ಪಾಲಿನ ಜಾಗ ಖಾಲಿ ಎಂದು ಲೆಕ್ಕವಾಗಿ ಪಕ್ಕದ ಮನೆಗೆ ಸೇರುತ್ತದೆ. ಹಾಗೆ ಸೇರಿದ ಜಾಗ ವಾಪಸ್ ಬಂದದ್ದಿಲ್ಲ. ಹೋದ ವರ್ಷ ಟೈಲರ್ ದಾಸಪ್ಪನಿಗೆ ಹೀಗಾಗಿತ್ತು. ಈಗ ಅವನು ಅಕ್ಕನ ಊರಿನಲ್ಲಿದ್ದಾನೆ. ಅವನ ಅಂಗಡಿ ಪಕ್ಕದ ಸೈಕಲ್ ಶಾಪಿನ ಒಳಕೋಣೆಯಾಗಿದೆ. ಮಾವನ ಪಾಲಿಗೆ ಇದ್ದದ್ದು ಮುಂದಿನ ಕೋಣೆ ಮತ್ತು ಜಗಲಿ. ಪಕ್ಕದ ಮನೆ ಬೋರಲಿಂಗಯ್ಯನವರದು. ತಿಂಡಿಯ ಹೊತ್ತಿಗಾಗಲೇ ನಡುಗೋಡೆ ನಮ್ಮ ಕಡೆಗೆ ಒಂದು ಗೇಣು ಸರಿದಿತ್ತು. ಅತ್ತೆ ಅದಕ್ಕೆ ರುಬ್ಬುಗುಂಡು ಒತ್ತಿಟ್ಟರು. ಗೋಡೆ ರುಬ್ಬುಗುಂಡನ್ನೂ ತಳ್ಳಿಕೊಂಡು ಬಂತು.

ಇಂಥ ಸಂದರ್ಭಕ್ಕೆ ನಾವು ಕರೆಯುವುದು ಡ್ರಾಯಿಂಗ್ ಮೇಷ್ಟ್ರು ಪದ್ಮರಾಜಯ್ಯನವರನ್ನು. ಊರಿನ ಯಾವ ತೊಂದರೆಗೂ ಅವರ ಮೊದಲ ಪರಿಹಾರ ಒಂದೇ: ಮುಚ್ಚಿ ತೆರೆಯಿರಿ. ಮನುಷ್ಯರ ವಿಷಯದಲ್ಲಿ ಇದರ ಅರ್ಥ ಮಲಗಿ ಏಳುವುದು. ಮಾವ ಜಗಲಿಯಲ್ಲಿ ಮಲಗಿ ಎದ್ದರು. ನಲ್ಲಿ ಬರಲಿಲ್ಲ. ಎಡಮಗ್ಗುಲಲ್ಲಿ ಮಲಗಿ ಬಲಮಗ್ಗುಲಲ್ಲಿ ಎದ್ದರು. ಬರಲಿಲ್ಲ. ಕೂತ ಜಾಗ ಬದಲಾಯಿಸಿದರೆ ಕೆಲವೊಮ್ಮೆ ಕಾಣಿಸುತ್ತದೆ ಎಂದು ಮೇಷ್ಟ್ರು ಹೇಳಿದ್ದರಿಂದ, ಎದುರು ಮನೆಯ ಜಗಲಿ, ಕ್ಷೌರದಂಗಡಿಯ ಕುರ್ಚಿ, ಹಾಲಿನ ಡೈರಿಯ ಮೆಟ್ಟಿಲು ಎಲ್ಲ ಕಡೆಯೂ ಕೂರಿಸಿ ನೋಡಿದೆವು. ಡೈರಿಯ ತಕ್ಕಡಿಯ ಮೇಲೂ ನಿಲ್ಲಿಸಿದೆವು. ಮುಳ್ಳು ಅಲ್ಲಾಡಲಿಲ್ಲ. ಕೈಗಡಿಯಾರ ಅಡ್ಡ ಬರುತ್ತಿರಬಹುದೆಂದು ಅದನ್ನು ಬಿಚ್ಚಿಸಿದರು, ಆಮೇಲೆ ಉಡಿದಾರ, ಆಮೇಲೆ ಕನ್ನಡಕ. ಕನ್ನಡಕ ತೆಗೆದ ಮೇಲೆ ಊರು ಮಾವನಿಗೆ ಕಾಣಿಸದಂತಾಯಿತು. ಮಾವ ಊರಿಗೆ ಕಾಣಿಸಲಿಲ್ಲ.

ಅಷ್ಟರಲ್ಲಿ ಬೀದಿಯವರು ಸೇರಿದ್ದರು. ಒಬ್ಬರು ತಮಗೂ ಹೀಗೇ ಆಗಿತ್ತು, ತಾನೇ ಸರಿಹೋಯಿತು, ಹೇಗೆಂದು ಗೊತ್ತಿಲ್ಲ ಎಂದರು. ಇನ್ನೊಬ್ಬರು ಈ ಪ್ರಶ್ನೆಯನ್ನು ಹಿಂದೆಯೇ ಯಾರೋ ಕೇಳಿದ್ದಾರೆ, ಮತ್ತೆ ಕೇಳುವುದು ಸರಿಯಲ್ಲ ಎಂದರು. ಅಂದಿನ ಉತ್ತರವೇನು ಎಂದು ಅತ್ತೆ ವಿಚಾರಿಸಿದ್ದಕ್ಕೆ, ಅಂದೂ ಇದನ್ನೇ ಹೇಳಿದ್ದರು ಎಂದು ತಿಳಿಯಿತು. ಮೂರನೆಯವರು ಈ ಊರೇ ಹೀಗೆ, ಹೊಳೆಯಾಚೆಯ ಊರಿಗೆ ಹೋಗಿಬಿಡಿ, ಅಲ್ಲಿ ದುಡ್ಡು ಕೊಟ್ಟರೆ ಎಲ್ಲವೂ ಕಾಣಿಸುತ್ತದೆ ಎಂದರು. ಅವರು ಇಪ್ಪತ್ತು ವರ್ಷದಿಂದ ಈ ಊರಿನಲ್ಲೇ ಇದ್ದುಕೊಂಡು ಇದನ್ನೇ ಹೇಳುತ್ತಿದ್ದಾರೆ.

ಕೊನೆಗೆ ಎಲ್ಲರೂ ಸುಂಕದಕಟ್ಟೆಗೆ ಹೋದೆವು. ಕಟ್ಟಡದ ಬಾಗಿಲು ಹಿಡಿದು ನಾನು ನಿಂತೆ, ಮಾವ ಒಳಗೆ ನುಸುಳಿದರು. ಪದ್ಮರಾಜಯ್ಯನವರು ಕಂಪ್ಯೂಟರಿನ ಮುಂದೆ ಕೂತು ಶೆಲ್ ತೆರೆದರು. ಊರಿಗೆ ಏನು ಹೇಳಬೇಕಾದರೂ ಅಲ್ಲೇ ಟೈಪ್ ಮಾಡಬೇಕು. ಬೇಕಾದ್ದನ್ನು ಬೇಕಾದಷ್ಟೇ ಹೇಳಬೇಕು. ದಯವಿಟ್ಟು ಎಂದು ಸೇರಿಸಿದರೆ ದಯವಿಟ್ಟು ಎಂದರೇನು ಎಂದು ಅದು ಕೇಳುತ್ತದೆ. ಮೇಷ್ಟ್ರು ‘ನೋಡು’ ಎಂದು ಟೈಪ್ ಮಾಡಿದರು. ನಲ್ಲಿ, ದೀಪ, ಹಸುಗಳ ಉದ್ದನೆಯ ಸಾಲು ಓಡಿ, ಕೊನೆಯಲ್ಲಿ ಹೀಗೆ ಬಂತು: ‘ಸುಂಕದಕಟ್ಟೆಯಲ್ಲಿ ಮನುಷ್ಯನಂಥದ್ದು ಒಂದಿದೆ. ಏನೆಂದು ತಿಳಿಯದು.’

ಅತ್ತೆ ಇದನ್ನು ಓದಿ, ಮದುವೆಯಾದಾಗಿನಿಂದ ತಮ್ಮ ಅಭಿಪ್ರಾಯವೂ ಇದೇ ಎಂದರು.

ಪದ್ಮರಾಜಯ್ಯನವರಿಗೆ ಮಾತ್ರ ಖುಷಿಯಾಯಿತು. ಇರುವುದು ಗೊತ್ತಾಗಿದೆ, ಯಾರೆಂದು ಗೊತ್ತಾಗಿಲ್ಲ, ಅಂದರೆ ತೊಂದರೆ ಪರಿಚಯದ್ದು ಎಂದು ವಿವರಿಸಿದರು. ನಮ್ಮ ಊರಿನಲ್ಲಿ ಪ್ರತಿಯೊಬ್ಬರನ್ನೂ ಊರಿಗೆ ಬೇರೊಬ್ಬರು ಪರಿಚಯ ಮಾಡಿಕೊಟ್ಟಿರಬೇಕು. ಒಂದೇ ಸಾಲು. ಅದು ನಿಜವಾಗಿರಬೇಕು, ಊರಿನಲ್ಲಿ ಒಬ್ಬರಿಗೆ ಮಾತ್ರ ಹೊಂದಬೇಕು. ಹೆಸರು, ಮನೆ ನಂಬರು ಲೆಕ್ಕಕ್ಕಿಲ್ಲ. ಅವನ್ನು ಯಾರಿಗೆ ಬೇಕಾದರೂ ಅಂಟಿಸಬಹುದು ಎಂದು ಊರು ಎಣಿಸುತ್ತದೆ. ಪರಿಚಯ ಕೊಟ್ಟವರೇ ಅದರ ಉಸ್ತುವಾರಿ, ತಿದ್ದುವುದಾದರೆ ಅವರೇ ತಿದ್ದಬೇಕು. ಮಾವನ ಪರಿಚಯವನ್ನು ಮೂವತ್ತು ವರ್ಷದ ಹಿಂದೆ ಸಿಟ್ಟಿನಲ್ಲಿ ಕೊಟ್ಟವರು ಬೋರಲಿಂಗಯ್ಯನವರು. ಮೇಷ್ಟ್ರು ಅದನ್ನು ತೆಗೆದು ಗಟ್ಟಿಯಾಗಿ ಓದಿದರು: ‘ಚೌಕಾಬಾರದಲ್ಲಿ ಬೋರಲಿಂಗಯ್ಯನಿಗೆ ಎಂದೂ ಸೋಲದವರು.’

ಈ ಸಾಲು ನಮ್ಮ ಬೀದಿಗೆಲ್ಲ ಬಾಯಿಪಾಠ. ಮಾವನಂತೂ ಮದುವೆಮನೆಗಳಲ್ಲಿ ಕೈಕುಲುಕುವಾಗ ಹೆಸರಿನ ಬದಲು ಇದನ್ನೇ ಹೇಳುತ್ತಿದ್ದರು. ಅಕ್ಷರ ತಪ್ಪಿಲ್ಲ, ಚುಕ್ಕಿ ಜಾಗದಲ್ಲೇ ಇದೆ, ಪರಿಚಯ ಸರಿಯಾಗಿದೆ ಎಂದು ಎಲ್ಲರೂ ಒಪ್ಪಿದರು. ಮಾವ ಕೆಮ್ಮಿದರು. ನೊರೆ ಗಂಟಲಿಗೆ ಇಳಿದಿರಬೇಕೆಂದು ಅತ್ತೆ ಅವರ ಬೆನ್ನು ತಟ್ಟಿದರು.

ಮೇಷ್ಟ್ರು ಇನ್ನೊಂದು ದಾರಿ ಹಿಡಿದರು. ಯಾವ ಆಜ್ಞೆ ಟೈಪ್ ಮಾಡಿದರೂ ಅದು ಎಲ್ಲಿದೆ ಎಂದು ಶೆಲ್ ಕೆಲವು ಬೀದಿಗಳಲ್ಲಿ ಹುಡುಕುತ್ತದೆ. ಆ ಬೀದಿಗಳ ಹೆಸರು ಒಂದು ಸಾಲಿನಲ್ಲಿರುತ್ತದೆ. ಅದಕ್ಕೆ ನಮ್ಮ ಬೀದಿಯನ್ನೂ ಸೇರಿಸಿದರೆ ಮಾವ ಸಿಗಬಹುದೆಂದು ಅವರ ಊಹೆ. ಸೇರಿಸುವ ಬದಲು ಇದ್ದದ್ದನ್ನೆಲ್ಲ ಅಳಿಸಿ ನಮ್ಮ ಬೀದಿಯೊಂದನ್ನೇ ಬರೆದರು. ಆಮೇಲೆ ‘ನೋಡು’ ಎಂದರು. ‘ನೋಡು: ಸಿಗಲಿಲ್ಲ’ ಎಂದು ಬಂತು. ‘ಹುಡುಕು’ ಎಂದರು. ‘ಹುಡುಕು: ಸಿಗಲಿಲ್ಲ.’ ‘ತೆರೆ’ ಕೂಡ ಸಿಗಲಿಲ್ಲ. ಊರಿನ ಸಕಲ ಆಜ್ಞೆಗಳನ್ನೂ ಶೆಲ್ ನಮ್ಮ ಬೀದಿಯಲ್ಲಿ ಹುಡುಕುತ್ತಿತ್ತು. ನಮ್ಮ ಬೀದಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಗಿರಣಿಯ ಕರೀಂ ಸಾಹೇಬರು ಮೈತುಂಬ ಹಿಟ್ಟಿನೊಂದಿಗೆ ಬಂದು, ಗಿರಣಿಗೆ ತಿರುಗುವುದೇ ಮರೆತಿದೆ ಎಂದರು. ಸ್ಕೂಲಿನ ಗಂಟೆ ಬಾರಿಸದ್ದರಿಂದ ಮೂರನೇ ಪಿರಿಯಡ್ಡಿನ ಗಣಿತ ಮುಗಿಯದೆ ನಡೆಯುತ್ತಿದೆ ಎಂದು ಸುದ್ದಿ ಬಂತು. ಅದುವರೆಗೆ ಒಬ್ಬ ತಿರುಮಲಯ್ಯನವರ ತೊಂದರೆಯಾಗಿದ್ದದ್ದು ಊರಿನದಾಯಿತು. ಪದ್ಮರಾಜಯ್ಯನವರು ಬೆವರುತ್ತ ಒಂದಾದ ಮೇಲೊಂದು ಆಜ್ಞೆ ಟೈಪ್ ಮಾಡುತ್ತಿದ್ದರು.

ಅತ್ತೆ ಕೇಳಿದರು: “ಮೇಷ್ಟ್ರೆ, ಇದನ್ನ ಮುಚ್ಚಿ ತೆರೆದು ನೋಡಿದ್ರಾ?”

ಅವರು ಕೈ ನಿಲ್ಲಿಸಿದರು. ಬೆಳಗ್ಗೆಯಿಂದ ಆ ಮಾತನ್ನು ಹೇಳದೆ ಬಿಟ್ಟದ್ದು ಅವರು ತಮಗೊಬ್ಬರಿಗೇ. ಶೆಲ್ ಮುಚ್ಚಿ ತೆರೆದರು. ಹೊಸ ಶೆಲ್ಲಿಗೆ ಹಳೆಯ ಶೆಲ್ಲಿನ ಅವಾಂತರ ನೆನಪಿರಲಿಲ್ಲ. ದೂರದಲ್ಲಿ ಸ್ಕೂಲಿನ ಗಂಟೆ ಬಾರಿಸಿತು, ಗಿರಣಿ ಗರಗರ ಎಂದಿತು. ಮಾವ ಮಾತ್ರ ಎಲ್ಲಿದ್ದರೋ ಅಲ್ಲೇ ಇದ್ದರು, ಅಂದರೆ ಎಲ್ಲಿಯೂ ಇರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಬೋರಲಿಂಗಯ್ಯನವರು ಬಂದರು. ಇಸ್ತ್ರಿ ಮಾಡಿದ ಜುಬ್ಬ, ಹಣೆಗೆ ವಿಭೂತಿ, ಹಿಂದೆ ಹೆಂಡತಿ, ಇಬ್ಬರು ಸೊಸೆಯರು, ಬೀಗರು. ಬೆಳಗ್ಗೆ ಬೇಗ ಎದ್ದು ನೆಂಟರನ್ನು ಕರೆತರಲು ಹೋಗಿದ್ದರಿಂದ ಅವರಿಗೆ ಬೀದಿಯ ಸುದ್ದಿ ತಿಳಿದಿರಲಿಲ್ಲ. ತಮ್ಮ ಮನೆ ಅಗಲವಾಗಿರುವುದನ್ನೂ ನೋಡಿರಲಿಲ್ಲ. ಚೌಕಾಬಾರದಲ್ಲಿ ಗೆದ್ದವರು ಸುಂಕದಕಟ್ಟೆಗೆ ಬಂದು ಹೇಳಿದರೆ, ಆ ಸಂಜೆ ಊರಿನಲ್ಲಿ ಮೊದಲು ಹೊತ್ತುವುದು ಅವರ ಮನೆಯ ಮುಂದಿನ ದೀಪ. ಬೋರಲಿಂಗಯ್ಯನವರು ಬೀದಿಯ ಮಿಕ್ಕ ಎಲ್ಲರನ್ನೂ ಸೋಲಿಸಿ ಆ ದೀಪ ನೋಡಿದ್ದರು. ಅದರಲ್ಲಿ ಅವರಿಗೆ ರುಚಿ ಹೋಗಿ ಎಷ್ಟೋ ವರ್ಷವಾಗಿತ್ತು. ಅವರು ಯಾರನ್ನೂ ಮಾತಾಡಿಸದೆ, ಮೇಷ್ಟ್ರನ್ನು ಎಬ್ಬಿಸಿ, ಎರಡು ಬೆರಳಿನಲ್ಲಿ ಟೈಪ್ ಮಾಡಿದರು: ‘ಪಕ್ಕದ ಮನೆ ತಿರುಮಲಯ್ಯನನ್ನು ಸೋಲಿಸಿದೆ. ದೀಪ ಹಚ್ಚು.’

‘ಪಕ್ಕದ ಮನೆ ತಿರುಮಲಯ್ಯ: ಅಂಥವರು ಯಾರೂ ಇಲ್ಲ’ ಎಂದು ಬಂತು.

ಬೋರಲಿಂಗಯ್ಯನವರು ತಿರುಗಿ, ಮೂಲೆಯ ಬೆಂಚಿನಲ್ಲಿದ್ದ ಮಾವನನ್ನು ನೋಡಿದರು.

“ಯಾರೂ ಇಲ್ಲ ಅಂದ್ರೇನು? ಕೂತವ್ನಲ್ಲ ಅಲ್ಲಿ, ಕಂಬಳಿಹುಳದ ಥರ.”

ಅತ್ತೆ ಮಾವನ ಕಡೆ ತಿರುಗಿದರು. “ನಿನ್ನೆ ಸೋತ್ರಾ?”

ಮಾವ ಸೂರಿನಲ್ಲಿದ್ದ ಜೇಡರ ಬಲೆಯನ್ನು ನೋಡುತ್ತ, ಕವಡೆ ಸರಿಯಿರಲಿಲ್ಲ ಎಂದರು.

ಹಿಂದಿನ ಸಂಜೆ ಬೀದಿಯವರೆಲ್ಲ ನಾಟಕದ ತಾಲೀಮು ನೋಡಲು ಹೋಗಿದ್ದಾಗ ಇಬ್ಬರೂ ಮಾವನ ಜಗಲಿಯಲ್ಲಿ ಆಡಿದ್ದರು. ಬೋರಲಿಂಗಯ್ಯನವರು ಗೆದ್ದಿದ್ದರು. ಮಾವ ಯಾರಿಗೂ ಹೇಳಿರಲಿಲ್ಲ. ಜಗಲಿಯ ಮೇಲೆ ಏನು ನಡೆದರೂ ಊರಿಗೆ ಗೊತ್ತಾಗುತ್ತದೆ, ದೀಪ ಹಚ್ಚಲು ಮಾತ್ರ ಬಾಯಿಬಿಟ್ಟು ಹೇಳಬೇಕು. ಎಂದೂ ಸೋಲದವರನ್ನು ಊರು ಬೆಳಗ್ಗೆ ಹುಡುಕಿತ್ತು. ಅಂಥವರು ಸಿಕ್ಕಿರಲಿಲ್ಲ.

“ಬೆಳಗ್ಗೆಯಿಂದ ಗೊತ್ತಿತ್ತು ನಿಮ್ಗೆ,” ಎಂದರು ಅತ್ತೆ. “ನಾವು ನಿಮ್ಮನ್ನ ಬೀದಿಬೀದಿಲಿ ಮಲಗಿಸಿ ಎಬ್ಬಿಸ್ತಿದ್ವಿ.”

“ಗೊತ್ತಿಲ್ದೆ ಏನು?” ಎಂದರು ಮಾವ. “ಈ ಊರಲ್ಲಿ ಇಲ್ದಿದ್ರೆ ಇನ್ನೊಂದೂರಿಗೆ ಹೋಗ್ಬೋದು. ಸೋತೆ ಅನ್ನೋದನ್ನ ಎಲ್ಲಿಗೆ ತಗೊಂಡೋಗ್ಲಿ?”

ಬೋರಲಿಂಗಯ್ಯನವರ ಬೀಗರೊಬ್ಬರು, ಅವರು ಹೋಗುವುದಾದರೆ ಹೋಗಲಿ, ಜಗಲಿ ಸಮೇತ ಒಂದು ಕೋಣೆ ಬರುವುದು ಒಳ್ಳೆಯದೇ ಅಲ್ಲವೇ ಎಂದು ಮೆಲ್ಲಗೆ ಹೇಳಿದರು. ಬೋರಲಿಂಗಯ್ಯನವರು ಬೀಗರಿಗೆ ಹೊರಗೆ ಕಾಫಿ ಸಿಗುತ್ತದೆ ಎಂದು ತಿಳಿಸಿದರು. ಆಮೇಲೆ ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ಓದಿ, ಮಾವನ ಮುಂದೆ ಹೋಗಿ ನಿಂತರು. “ನೀನು ಇಲ್ಲ ಅಂದ್ಮೇಲೆ ನಾನು ಗೆದ್ದಿದ್ದು ಯಾರ ಮೇಲಯ್ಯಾ?”

ಮೇಷ್ಟ್ರನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡರು.

ಪರಿಚಯ ತಿದ್ದುವ ಕೆಲಸ ಶುರುವಾಯಿತು. ಬೋರಲಿಂಗಯ್ಯನವರು ಹೇಳುವುದು, ಮೇಷ್ಟ್ರು ಟೈಪ್ ಮಾಡುವುದು. ಮೊದಲು ‘ಮೊಂಡರು’ ಎಂದರು. ಊರಿನ ಮುಕ್ಕಾಲು ಪಾಲು ಹೊಂದಿತು. ‘ಊಟದ ನಡುವೆ ಎದ್ದು ಹೋಗಿ ಜಗಳ ಮುಗಿಸಿ ಬಂದು ಮತ್ತೆ ಕೂರುವವರು’ ಎಂದರು. ಅದಕ್ಕೂ ಆರು ಮಂದಿ ಸಿಕ್ಕರು. ಒಬ್ಬರು ಸ್ವತಃ ಬೋರಲಿಂಗಯ್ಯನವರು. ‘ಹೇಳಿದ ಮಾತು ಕೇಳದವರು’ ಎಂದು ಅತ್ತೆ ಸೂಚಿಸಿದರು. ಊರಿನ ಗಂಡಸರೆಲ್ಲ ಹೊಂದಿದರು. ಮಾವ ತಾವೂ ಒಂದು ಸೂಚಿಸಿದರು: ‘ಚೌಕಾಬಾರ ಆಡುವುದರಲ್ಲಿ ಊರಿಗೇ ಮೊದಲಿಗರು.’ ಇದಕ್ಕೆ ಸರಿಯಾಗಿ ಒಬ್ಬರೇ ಹೊಂದಿದರು. ಪರದೆಯ ಮೇಲೆ ಬೋರಲಿಂಗಯ್ಯ ಎಂದು ಬಂತು. ಊರು ನಿನ್ನೆಯ ಆಟವನ್ನು ಲೆಕ್ಕಕ್ಕೆ ಹಿಡಿದಿತ್ತು. ಮಾವ ಎದ್ದು ಹೊರಟರು. ಬಾಗಿಲು ತೆರೆಯದ್ದರಿಂದ ವಾಪಸ್ ಬಂದು ಕೂತರು.

‘ಬೋರಲಿಂಗಯ್ಯನಿಗೆ ಸೋತವರು’ ಎಂದು ಮೇಷ್ಟ್ರು ಹಾಕಿ ನೋಡಿದರು. ಇಡೀ ಬೀದಿ ಹೊಂದಿತು. ಹೆಚ್ಚಿನವರು ಹತ್ತಾರು ಸಲ ಸೋತವರೇ. ಕಿಟಕಿಯ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಮನೆ ನೋಡಿಕೊಂಡು ಬಂದವರೊಬ್ಬರು, ನಡುಗೋಡೆ ಜಗಲಿಯ ಅರ್ಧಕ್ಕೆ ಬಂದಿದೆ, ಅಲ್ಲಿ ಕೊರೆದಿರುವ ಚೌಕಾಬಾರದ ಮನೆಗಳಲ್ಲಿ ಎರಡು ಸಾಲು ಅದರಡಿಗೆ ಹೋಗಿವೆ ಎಂದು ವರದಿ ಮಾಡಿದರು. ಇದನ್ನು ಕೇಳಿ ಬೋರಲಿಂಗಯ್ಯನವರು ಕುರ್ಚಿಯಿಂದ ಮುಂದಕ್ಕೆ ಬಂದರು. ‘ಬೋರಲಿಂಗಯ್ಯನಿಗೆ ಒಂದೇ ಸಲ ಸೋತವರು’ ಎಂದು ಹಾಕಲು ಹೇಳಿದರು.

ಮೇಷ್ಟ್ರು ಟೈಪ್ ಮಾಡಿ, ಕೊನೆಯ ಗುಂಡಿ ಒತ್ತದೆ ತಿರುಗಿದರು. ಪರಿಚಯವನ್ನು ಊರು ದಿನಾ ಬೆಳಗ್ಗೆ ತಾಳೆ ನೋಡುತ್ತದೆ ಎಂದು ನೆನಪಿಸಿದರು. “ನೀವು ಇನ್ನೊಂದ್ಸಲ ಗೆದ್ರೆ, ಮಾರನೇ ದಿನ ಇವರು ಮತ್ತೆ ಕಾಣ್ಸಲ್ಲ.”

“ಗೊತ್ತು,” ಎಂದರು ಬೋರಲಿಂಗಯ್ಯನವರು. “ಒತ್ತಿ ಮೇಷ್ಟ್ರೆ.”

ಒತ್ತಿದರು. ‘ಇಬ್ಬರು ಹೊಂದುತ್ತಾರೆ’ ಎಂದು ಬಂತು. ಒಬ್ಬರು ಸುಂಕದಕಟ್ಟೆಯಲ್ಲಿರುವ ಮನುಷ್ಯನಂಥದ್ದು. ಇನ್ನೊಬ್ಬ ನಾನು. ಎಂಟು ವರ್ಷದವನಿದ್ದಾಗ ಬೇಸಿಗೆ ರಜೆಯಲ್ಲಿ ಒಮ್ಮೆ ಬೋರಲಿಂಗಯ್ಯನವರೊಂದಿಗೆ ಆಡಿ, ಸೋತು, ಮತ್ತೆ ಆ ಕವಡೆಗಳನ್ನು ಮುಟ್ಟಿರಲಿಲ್ಲ.

ಮಾಡಬೇಕಾದದ್ದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಅವರಿಗೆ ಇನ್ನೊಂದು ಸಲ ಸೋಲಬೇಕಿತ್ತು, ಅದೂ ದೀಪ ಹೊತ್ತುವುದರೊಳಗೆ. ನಡುವೆ ಎದ್ದುಹೋದರೆ ಅದನ್ನು ಸೋಲೆಂದು ಊರು ಒಪ್ಪುವುದಿಲ್ಲ, ಆಟ ಮುಗಿಯಬೇಕು. ಸುಂಕದಕಟ್ಟೆಯ ಚಪ್ಪಡಿಯ ಮೇಲೂ ಹಳೆಯ ಕಾಲದ ಚೌಕಾಬಾರದ ಮನೆಗಳು ಕೊರೆದಿದ್ದವು. ಅಲ್ಲೇ ಕೂತೆವು. ಕವಡೆ ಬೋರಲಿಂಗಯ್ಯನವರ ಜುಬ್ಬದಲ್ಲೇ ಇತ್ತು. ಹರಳಿಗೆ ಬದಲು ಮೇಷ್ಟ್ರು ಸೀಮೆಸುಣ್ಣದ ತುಂಡುಗಳನ್ನು ಕಾಯಿ ಮಾಡಿಕೊಟ್ಟರು.

ಸೋಲುವುದು ಸುಲಭವೆಂದು ನಾನು ಭಾವಿಸಿದ್ದೆ. ನನ್ನ ಮೊದಲ ಎಸೆತಕ್ಕೆ ನಾಲ್ಕು ಕವಡೆಗಳೂ ಬೋರಲು ಬಿದ್ದು ಬಾರ, ಅಂದರೆ ಎಂಟು, ಬಂತು. ಬಾರ ಬಿದ್ದರೆ ಇನ್ನೊಂದು ಎಸೆತ. ಅದಕ್ಕೂ ಬಾರವೇ. ಬೋರಲಿಂಗಯ್ಯನವರಿಗೆ ಒಂದು ಬಿದ್ದಿತು. ನಾನು ನನ್ನ ಕಾಯಿಗಳನ್ನು ಬೇಕೆಂದೇ ಅವರ ಕಾಯಿಗಳ ಬಾಯಿಗೆ ಕೊಟ್ಟೆ. ಅವರಿಗೆ ಬೇಕಾದದ್ದು ಬೀಳಲಿಲ್ಲ. ಅಷ್ಟು ಹೊತ್ತು ಬೆಂಚಿನ ಮೇಲೆ ಕಲ್ಲಿನಂತೆ ಕೂತಿದ್ದ ಮಾವ ಎದ್ದು ಬಂದು ನನ್ನ ತಲೆಯ ಮೇಲೆ ನಿಂತರು. ನಾನು ಸುರಕ್ಷಿತವಾಗಿದ್ದ ಕಾಯಿಯೊಂದನ್ನು ಬಯಲಿಗೆ ತಂದಾಗ ಅವರಿಗೆ ತಡೆಯಲಾಗಲಿಲ್ಲ.

“ಆ ಕಾಯಿ ಯಾಕೋ ಮುಟ್ದೆ? ಒಳಗಿಂದು ನಡ್ಸು. ಒಳಗಿಂದು.”

ಅತ್ತೆ, ಅವನು ಗೆದ್ದರೆ ನಮ್ಮ ಜಗಲಿ ಹೋಗುತ್ತದೆ ಎಂದು ನೆನಪಿಸಿದರು. ಹೋಗಲಿ, ಆದರೆ ಇಂಥ ಆಟವನ್ನು ನೋಡಿಕೊಂಡು ಸುಮ್ಮನಿರಲು ತಮ್ಮಿಂದಾಗದು ಎಂದು ಮಾವ ಹೇಳಿದರು. ನಾಲ್ಕು ಜನ ಅವರನ್ನು ಹಿಡಿದು ಬೆಂಚಿಗೆ ಒಯ್ದರು. ಅಲ್ಲಿಂದಲೂ ಅವರು ಕೈಸನ್ನೆಯಲ್ಲಿ ನನ್ನನ್ನು ಗೆಲ್ಲಿಸಲು ಪ್ರಯತ್ನಿಸುತ್ತಿದ್ದರು.

ಕೊನೆಗೆ ಇಬ್ಬರಿಗೂ ಒಂದೊಂದು ಕಾಯಿ ಉಳಿಯಿತು. ನಡುಮನೆ ಸೇರಿ ಹಣ್ಣಾಗಲು ನನ್ನದಕ್ಕೆ ಎರಡು ಬೇಕಿತ್ತು, ಅವರದಕ್ಕೆ ಮೂರು. ಒಂದೇ ಕಾಯಿ ಇರುವಾಗ ಬಿದ್ದಷ್ಟನ್ನು ನಡೆಸಲೇಬೇಕು, ಬೇಕೆಂದು ಸೋಲುವ ದಾರಿ ಅಲ್ಲಿಗೆ ಮುಗಿಯಿತು. ಹೊರಗೆ ಬೀದಿದೀಪದ ಕಂಬಗಳು ಹೊತ್ತುವ ಮೊದಲಿನ ಸಣ್ಣ ಸದ್ದು ಮಾಡತೊಡಗಿದ್ದವು. ನಾನು ಎಸೆದೆ. ಎರಡು ಅಂಗಾತ ಬಿದ್ದವು, ಒಂದು ಬೋರಲು, ನಾಲ್ಕನೆಯದು ಚಪ್ಪಡಿಯ ಬಿರುಕಿನ ಅಂಚಿನಲ್ಲಿ ನಿಂತು ಆಮೇಲೆ ಅಂಗಾತ ಬಿತ್ತು. ಮೂರಾಯಿತು. ಕಾಯಿ ನಡೆಯುವಂತಿರಲಿಲ್ಲ. ಬೋರಲಿಂಗಯ್ಯನವರು ಕವಡೆಗಳನ್ನು ಅಂಗೈಯಲ್ಲಿ ಉಜ್ಜಿ ಎಸೆದರು. ಅವರಿಗೂ ಮೂರು. ನಾನು ಸೋತೆ. ಸೋತವರಿಗೆ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮೇಷ್ಟ್ರು ಅದೇ ಸಾಲನ್ನು ಮತ್ತೆ ಹಾಕಿದರು. ‘ಒಬ್ಬರು ಹೊಂದುತ್ತಾರೆ.’ ‘ಮತ್ತೆ ಹುಡುಕು’ ಎಂದರು. ನಲ್ಲಿ, ದೀಪ, ಗಿರಣಿ, ಹಸುಗಳೆಲ್ಲ ಓಡಿ, ಕೊನೆಯಲ್ಲಿ ತಿರುಮಲಯ್ಯ ಎಂದು ಬಂತು. ಮಾವ ಎದ್ದು ಬಾಗಿಲಿಗೆ ಹೋದರು. ಬಾಗಿಲು ತೆರೆಯಿತು. ಹೊರಗಿನ ನಲ್ಲಿಯ ಮುಂದೆ ಬಗ್ಗಿ, ಜೇಬಿನಿಂದ ಬ್ರಷ್ ತೆಗೆದು ತೊಳೆದು, ಬೆಳಗ್ಗೆಯ ಬಾಯನ್ನು ಮುಕ್ಕಳಿಸಿದರು. ಬಹಳ ಹೊತ್ತು ಮುಕ್ಕಳಿಸಿದರು. ಬೋರಲಿಂಗಯ್ಯನವರು ಒಳಗೆ ಎರಡು ಬೆರಳಿನಲ್ಲಿ ತಮ್ಮ ಸಾಲನ್ನು ಮತ್ತೆ ಟೈಪ್ ಮಾಡಿದರು. ಈ ಸಲ ಶೆಲ್ ಏನೂ ಹೇಳಲಿಲ್ಲ. ಆಜ್ಞೆ ನಡೆದಾಗ ಅದು ಏನೂ ಹೇಳುವುದಿಲ್ಲ. ಆ ಸಂಜೆ ಊರಿನಲ್ಲಿ ಮೊದಲು ಹೊತ್ತಿದ್ದು ಅವರ ಮನೆಯ ಮುಂದಿನ ದೀಪ. ಅವರು ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡು, ನೆಂಟರೆಲ್ಲ ಹೊರಡುವವರೆಗೆ ಕೂತಿದ್ದರು. ನಡುಗೋಡೆ ತನ್ನ ಜಾಗಕ್ಕೆ ಹಿಂದಿರುಗಿತು, ರುಬ್ಬುಗುಂಡನ್ನು ನಾವೇ ಒಳಗೆ ತಂದೆವು.

ಮರುದಿನ ಬೆಳಗ್ಗೆ ಮಾವ ಊರಿಗೆ ಕಾಣಿಸಿದರು. ಸಂಜೆ ಇಬ್ಬರೂ ಮಾವನ ಜಗಲಿಯಲ್ಲಿ ಆಡಿದರು, ನಾನು ನೋಡುತ್ತಿದ್ದೆ. ಮಾವನ ಕೊನೆಯ ಕಾಯಿ ಬಯಲಿನಲ್ಲಿತ್ತು. ಒಂದು ಬಿದ್ದರೆ ಬೋರಲಿಂಗಯ್ಯನವರು ಅದನ್ನು ಹೊಡೆಯಬಹುದಿತ್ತು. ಅವರು ಕವಡೆ ಎಸೆದರು. ಒಂದೇ ಬಿತ್ತು. ಅವರು ಬೇರೆ ಕಾಯಿ ನಡೆಸಿದರು.